ಎತ್ತದ ಕಾಲು

ಗಾರ್ಲಂಡನ ಕ್ಷೌರದಂಗಡಿಯಲ್ಲಿ ಆ ಶನಿವಾರ ಬೆಳಿಗ್ಗೆ ಕೊರಳವರೆಗೆ ಬಟ್ಟೆ ಹೊದ್ದು ಕೂತಾಗ ಲೈಲ್ ಗೋಫೋರ್ತನಿಗೆ ತನ್ನ ಕೈಗಳು ಎಲ್ಲಿವೆ ಎಂದು ಅನುಮಾನ ಬಂತು. ಬಟ್ಟೆಯ ಕೆಳಗೆ ಅವು ಕುರ್ಚಿಯ ತೋಳುಗಳನ್ನು ಹಿಡಿದುಕೊಂಡೇ ಇದ್ದವು. ಕನ್ನಡಿಯಲ್ಲಿ ಮಾತ್ರ ಬರೀ ತಲೆ ಕಾಣುತ್ತಿತ್ತು; ನಲವತ್ತನಾಲ್ಕು ವರ್ಷದ, ಕಿವಿಯ ಮೇಲೆ ನರೆ ಇಳಿದ, ಊರೆಲ್ಲ ಮರುಕದಿಂದ ನೋಡುವ ತಲೆ. ಹದಿನಾಲ್ಕು ತಿಂಗಳಿಂದ ಊರು ಅವನನ್ನು ಹೀಗೇ ನಡೆಸಿಕೊಳ್ಳುತ್ತಿತ್ತು. ಅಂಚೆ ಕಚೇರಿಯಲ್ಲಿ ಯಾರಾದರೂ ಬಾಗಿಲು ತೆರೆದು ಹಿಡಿಯುತ್ತಿದ್ದರು. ಕಾಲುಚೀಲದ ಗಿರಣಿಯಲ್ಲಿ, ಅವನು ಲಾರಿಗೆ ಪೆಟ್ಟಿಗೆ ತುಂಬಿಸಿಕೊಳ್ಳಲು ಹೋದಾಗ, ನಗುತ್ತಿದ್ದ ಹೆಂಗಸರು ನಗು ನಿಲ್ಲಿಸುತ್ತಿದ್ದರು. ಗಾರ್ಲಂಡನಂತೂ ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರೂ ಲೈಲನನ್ನೇ ಮೊದಲು ಕೂರಿಸುತ್ತಿದ್ದ. ಯಾರಾದರೂ ಒಬ್ಬರು ಕೆಟ್ಟದಾಗಿ ಬೈದಿದ್ದರೆ ಅದನ್ನು ಹಿಡಿದುಕೊಂಡು ಹೇಗೋ ಬದುಕಬಹುದಿತ್ತು ಎಂದು ಲೈಲನಿಗೆ ಎಷ್ಟೋ ಸಲ ಅನ್ನಿಸಿತ್ತು.

"ಗಾಡಿ ಕೈಕೊಟ್ರೆ ಮನುಷ್ಯ ಏನ್ ಮಾಡೋಕಾಗುತ್ತೆ," ಎಂದ ಗಾರ್ಲಂಡ್, ಯಾರೂ ಕೇಳದಿದ್ದರೂ. "ನಿನ್ನ ಮೆಕ್ಯಾನಿಕ್ಕು, ಆ ಓಡೆಲ್ ಸೈಪ್‌ನ ಕೈ ಎರಡು ವರ್ಷದ ಹಿಂದೇನೇ ನಡುಗ್ತಿತ್ತು. ನಾನೇ ನೋಡಿದೀನಿ, ಇದೇ ಕುರ್ಚೀಲಿ ಕೂತ್ಕೊಂಡು ಕಾಫಿ ಚೆಲ್ಲಿದ್ದ. ಆವಾಗ್ಲೇ ಬಿಡಬೇಕಿತ್ತು ಕೆಲಸ."

ಲೈಲ್ ತಲೆ ಅಲ್ಲಾಡಿಸಲಿಲ್ಲ. ಕತ್ತರಿ ಕಿವಿಯ ಹತ್ತಿರ ಇತ್ತು. ಅಲ್ಲಾಡಿಸದೆ ಇರಲು ಕತ್ತರಿ ಒಂದು ಒಳ್ಳೆಯ ನೆವ ಎಂದು ಹೊಳೆದು, ಹೊಳೆದದ್ದಕ್ಕೆ ನಾಚಿಕೆಯಾಯಿತು. ಇಂಥ ನೆವಗಳಿಂದಲೇ ಹದಿನಾಲ್ಕು ತಿಂಗಳು ಸರಿದಿದ್ದವು. ಅವನು ಸುಳ್ಳು ಹೇಳಿದ್ದು ಒಂದೇ ಸಲ, ಒಂದೇ ಮಾತು. ಉಳಿದದ್ದೆಲ್ಲ ಸುಮ್ಮನಿದ್ದದ್ದು. ಆ ಒಂದು ಮಾತಾದರೂ ಸುಳ್ಳೋ ಅಲ್ಲವೋ ಎಂಬುದೇ ಅವನಿಗೆ ಖಾತ್ರಿಯಿರಲಿಲ್ಲ, ಅದೇ ಅವನನ್ನು ತಿನ್ನುತ್ತಿದ್ದದ್ದು.

ಬೆಂಚಿನ ಮೇಲೆ ಕೂತಿದ್ದ ಹೋಯ್ಟ್ ಲ್ಯಾಕಿ ಎದ್ದು ಬಂದ. ಊರಾಚೆಯ ಲಾರೆಲ್ ಗ್ಯಾಪ್ ರೇಸ್ ಟ್ರ್ಯಾಕನ್ನು ನಡೆಸುವವನು ಅವನೇ. ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ ಇತ್ತು.

"ಮುಂದಿನ ಭಾನುವಾರ ರೆನಿ ಟೀಗ್ ನೆನಪಿನ ರೇಸು. ಶುರುವಾಗೋಕೆ ಮುಂಚೆ ಒಂದು ಸುತ್ತು ನೀನೇ ಎಲ್ಲರ ಮುಂದೆ ಓಡಿಸ್ಬೇಕು ಅಂತ ನಡೀನಮ್ಮನ ಆಸೆ. ಇನ್ನೊಂದು ವಿಷಯ. ಓಡೆಲ್ ಇನ್ಮೇಲೆ ಟ್ರ್ಯಾಕಿನ ಗೇಟಿನೊಳಗೆ ಕಾಲಿಡಬಾರ್ದು ಅಂತ ಅವರು ಬರೆಸಿದಾರೆ. ಅವರ ಸಹಿ ಆಗಿದೆ. ನಿಂದೂ ಒಂದು ಇದ್ರೆ ಯಾರೂ ಬಾಯಿ ತೆರೆಯಲ್ಲ."

ಹಾಳೆಯಲ್ಲಿ 'ಮೆಕ್ಯಾನಿಕ್ಕಿನ ಅಜಾಗರೂಕತೆಯಿಂದ ಮುರಿದ ಸ್ಟೀರಿಂಗ್ ರಾಡು' ಎಂದಿತ್ತು. ಕೆಳಗೆ ರೆನಿಯ ತಾಯಿ ನಡೀನ್ ಟೀಗ್‌ಳ ಸಹಿ, ಶಾಲೆಯ ಹುಡುಗಿಯದರಂತೆ ದುಂಡಗೆ. ಅದರ ಪಕ್ಕ ಒಂದು ಖಾಲಿ ಗೆರೆ.

"ಕೈ ಬಟ್ಟೆ ಒಳಗಿದೆ," ಎಂದ ಲೈಲ್. "ಆಮೇಲೆ ಹಾಕಿ ಕೊಡ್ತೀನಿ."

"ಸಂಜೆ ಒಳಗೆ ಕೊಡಪ್ಪಾ. ನಿಂಗೆ ಕಷ್ಟ ಅಂತ ಗೊತ್ತು. ಓಡೆಲ್ ಜೊತೆ ಇಪ್ಪತ್ತು ವರ್ಷದ ಸ್ನೇಹ." ಹೋಯ್ಟ್ ಹಾಳೆಯನ್ನು ಮಡಚಿ, ಬಟ್ಟೆಯ ಕೆಳಗೆ ಕೈ ಹಾಕಿ, ಅವನ ಅಂಗಿಯ ಜೇಬಿಗೆ ತಾನೇ ತುರುಕಿದ. ಕಾಯಿಲೆಯವನ ಜೇಬಿಗೆ ಔಷಧಿಚೀಟಿ ಇಡುವವನ ಹಾಗೆ ಎದೆಯ ಮೇಲೆ ಮೆಲ್ಲಗೆ ತಟ್ಟಿಯೂ ಹೋದ.

ಪಿಕಪ್ಪು ಹತ್ತಿ ಹೊರಟಾಗ ಮನೆಯ ಕಡೆ ತಿರುಗಬೇಕಿತ್ತು. ತಿರುಗದೆ ನೇರ ಹೋದ. ಗಂಟೆಗೆ ಮೂವತ್ತು ಮೈಲಿ ಮೀರದೆ, ಹಿಂದೆ ಬಂದವರಿಗೆಲ್ಲ ದಾರಿ ಬಿಡುತ್ತ. ಕೆಂಪು ಮಣ್ಣಿನ ಏರಿಯ ಮೇಲೆ ಪೈನ್ ಮರಗಳು, ಆಮೇಲೆ ಚರ್ಚು, ಚರ್ಚಿನ ಹಿಂದೆ ಗೋರಿಗಳು. ಟ್ರ್ಯಾಕಿನ ಮೂರನೆಯ ತಿರುವಿಗೆ ನುಗ್ಗುವ ಮೊದಲು ಹೊರಗೋಡೆಯ ಮೇಲೆ ಬ್ರೆಡ್ಡಿನ ಜಾಹೀರಾತೊಂದಿದೆ. ಹಳದಿ ಬಣ್ಣದಲ್ಲಿ ಒಂದು ಉದ್ದನೆಯ ಬ್ರೆಡ್ಡು. ಕಣ್ಣಿನ ಬಲತುದಿಗೆ ಆ ಬ್ರೆಡ್ಡು ಬಂತೆಂದರೆ ಆಕ್ಸಿಲರೇಟರಿನಿಂದ ಕಾಲು ಎತ್ತಬೇಕು. ಯಾರೂ ಕಲಿಸಿದ್ದಲ್ಲ, ಇಪ್ಪತ್ತು ವರ್ಷದಲ್ಲಿ ಕಾಲು ತಾನೇ ಕಲಿತದ್ದು. ಹದಿನಾಲ್ಕು ತಿಂಗಳ ಹಿಂದಿನ ಆ ಭಾನುವಾರ ಮಧ್ಯಾಹ್ನ, ನೂರೈವತ್ತು ಸುತ್ತಿನ ರೇಸಿನ ನೂರಮೂವತ್ತೊಂದನೆಯ ಸುತ್ತಿನಲ್ಲಿ, ಹೊರಮಗ್ಗುಲಿಗೆ ರೆನಿ ಟೀಗನ ನೀಲಿ ಕಾರು ಬಾಗಿಲಿಗೆ ಬಾಗಿಲು ತಾಗುವಷ್ಟು ಹತ್ತಿರದಲ್ಲಿ ಬರುತ್ತಿತ್ತು. ಬ್ರೆಡ್ಡು ಬಂತು. ಬ್ರೆಡ್ಡು ಹೋಯಿತು. ಅದು ಹೋದದ್ದನ್ನು ಅವನು ಕಂಡದ್ದು ನಿಜ. ಆಮೇಲೆ ಕಾಲು ಎತ್ತಿದನೋ, ಎತ್ತುವುದರೊಳಗೆ ಸ್ಟೀರಿಂಗ್ ಹಗುರಾಯಿತೋ, ಅದು ಮಾತ್ರ ಎಷ್ಟು ಸಲ ಆ ತಿರುವಿಗೆ ಮರಳಿದರೂ ಸಿಗುತ್ತಿರಲಿಲ್ಲ. ಕೈಯಲ್ಲಿ ಸ್ಟೀರಿಂಗ್ ಒಮ್ಮೆಲೇ ಭಾರ ಕಳೆದುಕೊಂಡಿತು. ರಾಡು ಮುರಿದರೂ ಹಾಗೇ ಆಗುತ್ತದೆ. ಮಿತಿಮೀರಿ ನುಗ್ಗಿ ಮುಂದಿನ ಚಕ್ರಗಳು ನೆಲದ ಹಿಡಿತ ಬಿಟ್ಟರೂ ಹಾಗೇ ಆಗುತ್ತದೆ. ಎರಡನ್ನೂ ಕೈ ಬೇರೆಬೇರೆಯಾಗಿ ತಿಳಿಯಲಾರದು. ಕಾರು ತಿರುಗದೆ ನೇರ ಹೊರಗೆ ಜಾರಿ, ರೆನಿಯ ಕಾರನ್ನು ಗೋಡೆಗೆ ಒತ್ತಿ, ಉಜ್ಜಿಕೊಂಡೇ ಒಯ್ದು, ಆಂಬುಲೆನ್ಸಿಗೆಂದು ಗೋಡೆ ಬಿಟ್ಟಿರುವ ಜಾಗದಲ್ಲಿ ಆ ನೀಲಿ ಬಾಗಿಲನ್ನು ಗೋಡೆಯ ತುದಿಗೆ ಅಪ್ಪಳಿಸಿಬಿಟ್ಟಿತು. ಅವನ ಕಾರು ಮುಂದಿನ ಬಲಚಕ್ರ ಗೋಡೆಗೆ ಬಡಿದು ನಿಂತಿತು. ಆಮೇಲಿನ ಸದ್ದಿಲ್ಲದ ಹೊತ್ತಿನಲ್ಲಿ ಎಂಜಿನ್ನಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಿಟಕಿಯಿಂದ ಹೊರಗೆ ಬಂದು, ಹುಲ್ಲಿನ ಮೇಲೆ ಮೊಣಕಾಲೂರಿ, ಓಡಿಬಂದ ಮೊದಲನೆಯವನಿಗೆ ಅವನು ಹೇಳಿದ್ದ. "ಸ್ಟೀರಿಂಗ್ ಹೋಯ್ತು."

ಮೊದಲನೆಯವನು ಓಡೆಲ್. ಅವನು ಲೈಲನ ಮುಖ ನೋಡಿದ. ಆಮೇಲೆ ಕಾರಿನ ಬಲಚಕ್ರದ ಬಳಿ ಅಂಗಾತ ಮಲಗಿ ಒಳಗೆ ತೂರಿಕೊಂಡ. ಬಹಳ ಹೊತ್ತು ಅಲ್ಲೇ ಇದ್ದ. ಹೊರಗೆ ಬಂದಾಗ ಟ್ರ್ಯಾಕಿನ ಅಧಿಕಾರಿ ಪುಸ್ತಕ ಹಿಡಿದು ನಿಂತಿದ್ದ. "ರಾಡು ಮುರಿದಿದೆ," ಎಂದ ಓಡೆಲ್, ಮಂಡಿಯ ಧೂಳು ಕೊಡವಿಕೊಳ್ಳುತ್ತ. "ನಾನು ಹಾಕಿದ್ದು." ಅಧಿಕಾರಿ ಅಷ್ಟನ್ನೇ ಬರೆದುಕೊಂಡ.

ಲೈಲನ ಹೆಂಡತಿ ವರ್ನಾ ಒಂದು ಬೆಳಿಗ್ಗೆ ಮೊಟ್ಟೆ ಮಗುಚುತ್ತ ಹೇಳಿದ್ದಳು. "ನಿದ್ದೇಲಿ ನಿನ್ನ ಬಲಗಾಲು ಎತ್ತಿಕೊಳ್ತೀಯ. ಹೊದಿಕೆ ಸಮೇತ. ರಾತ್ರಿಯೆಲ್ಲ ಅದೇ." ಅವತ್ತಿನಿಂದ ಅವನು ಮುಂದಿನ ಕೋಣೆಯ ಸೋಫಾದ ಮೇಲೆ ಮಲಗುತ್ತಿದ್ದ.

ಓಡೆಲನ ಶೆಡ್ಡಿನ ಮುಂದೆ ಹುಲ್ಲು ಕತ್ತರಿಸುವ ಯಂತ್ರಗಳು ಸಾಲಾಗಿ ನಿಂತಿದ್ದವು. ರೇಸಿನ ಕಾರು ಕೊಡುವವರು ಯಾರೂ ಈಗ ಅವನ ಬಳಿ ಬರುತ್ತಿರಲಿಲ್ಲ. ಹಾಗೆಂದು ಲೈಲ್ ಕೇಳಿದ್ದ, ನೋಡಿರಲಿಲ್ಲ. ಇಪ್ಪತ್ತು ವರ್ಷ ದಿನವೂ ಬಂದ ಶೆಡ್ಡಿಗೆ ಹದಿನಾಲ್ಕು ತಿಂಗಳು ಅವನು ಬಂದಿರಲಿಲ್ಲ. ರೆನಿಯ ಅಂತ್ಯಕ್ರಿಯೆಯ ದಿನ ಓಡೆಲ್ ಚರ್ಚಿನ ಎದುರು, ರಸ್ತೆಯಾಚೆ, ತನ್ನ ಟ್ರಕ್ಕಿನ ಪಕ್ಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಒಳಗೆ ಬರಕೂಡದೆಂದು ನಡೀನ್ ಹೇಳಿಕಳಿಸಿದ್ದಳು. ಆ ದಿನವೇ, ಚರ್ಚಿನ ಬಾಗಿಲಲ್ಲಿ, ಅವಳು ಲೈಲನ ಎರಡೂ ಕೈಗಳನ್ನು ಹಿಡಿದುಕೊಂಡು, "ನೀನೇನು ಮಾಡೋಕಾಗ್ತಿತ್ತು ಮಗಾ, ನಿನ್ನ ಕೈಲೇನಿತ್ತು," ಎಂದಿದ್ದಳು. ಅವಳ ಭುಜದ ಮೇಲಿಂದ ಅವನಿಗೆ ರಸ್ತೆಯಾಚೆಯ ಓಡೆಲ್ ಕಾಣುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು. ಮೊದಲು ಕಣ್ಣು ತಿರುಗಿಸಿದವನು ಲೈಲ್.

ಓಡೆಲ್ ಸ್ಟೂಲಿನ ಮೇಲೆ ಕೂತು ಒಂದು ಅಲಗನ್ನು ಅರದಿಂದ ಉಜ್ಜುತ್ತಿದ್ದ. ಅರವತ್ತಮೂರು ವರ್ಷ. ಕೈ ನಡುಗುತ್ತಿರಲಿಲ್ಲ. ಲೈಲ್ ಮೊದಲು ನೋಡಿದ್ದು ಅದನ್ನೇ.

"ಹುಲ್ಲು ಮಷೀನು ಕೆಟ್ಟಿದ್ಯಾ?" ಎಂದ ಓಡೆಲ್, ತಲೆಯೆತ್ತದೆ.

"ಇಲ್ಲ."

"ಮತ್ತೆ ದಾರಿ ತಪ್ಪಿ ಬಂದೆ ಅನ್ನು."

ಲೈಲ್ ಜೇಬಿನಿಂದ ಹಾಳೆ ತೆಗೆದು ಕೊಟ್ಟ. ಕೊಡಬೇಕೆಂದು ಬಂದಿರಲಿಲ್ಲ. ಕೈ ತಾನೇ ಅದನ್ನು ಮಾಡಿತು. ಓಡೆಲ್ ಕನ್ನಡಕ ಹಾಕಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು, ಎರಡು ಸಲ ಓದಿದ.

"ನನ್ನ ಹೆಸರು ತಪ್ಪು ಬರ್ದಿದಾರೆ," ಎಂದ. "ಕೊನೇಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಹೋಯ್ಟ್ ಮೊದ್ಲಿಂದ್ಲೂ ಹಿಂಗೇ." ಹಾಳೆಯನ್ನು ಮಡಚಿ ಹಿಂದಕ್ಕೆ ಕೊಟ್ಟ. "ಪೆನ್ನು ಬೇಕಾ?"

"ಓಡೆಲ್. ಆ ರಾಡು ಎಲ್ಲಿದೆ?"

ಅರ ನಿಂತಿತು. ಓಡೆಲ್ ಎದ್ದು, ಗೋಡೆಯ ಬಳಿಯ ಕಬ್ಬಿಣದ ಕಪಾಟಿನ ಕೆಳಗಿನ ಖಾನೆ ಎಳೆದು, ಎಣ್ಣೆಬಟ್ಟೆಯಲ್ಲಿ ಸುತ್ತಿದ ಎರಡು ತುಂಡುಗಳನ್ನು ತಂದು ಬೆಂಚಿನ ಮೇಲೆ ಬಿಚ್ಚಿಟ್ಟ. ಮೊಳಕೈಯಷ್ಟು ಉದ್ದದ್ದು ಒಂದು, ಗೇಣುದ್ದದ್ದು ಇನ್ನೊಂದು. ನಿನ್ನೆ ಮುರಿದಂತೆ ಇದ್ದವು.

"ತಿಂಗಳಿಗೊಂದ್ಸಲ ಎಣ್ಣೆ ಹಚ್ತೀನಿ," ಎಂದ. "ತುಕ್ಕು ಹಿಡಿದ್ರೆ ಇದೂ ಸುಳ್ಳು ಹೇಳೋಕೆ ಶುರು ಮಾಡುತ್ತೆ."

ಮುರಿದ ಮುಖವನ್ನು ಅವನು ಬಾಗಿಲಿನ ಬೆಳಕಿಗೆ ತಿರುಗಿಸಿದ. ಸಕ್ಕರೆ ಹರಳಿನಂತೆ, ಅಂಚಿನಿಂದ ಅಂಚಿಗೆ, ಒಂದೇ ಬೂದುಬಿಳುಪು. "ಮುಂಚೇನೇ ಬಿರುಕು ಬಿಟ್ಟಿದ್ರೆ ಅರ್ಧ ಕಪ್ಪಗಿರ್ಬೇಕಿತ್ತು. ಗಾಳಿ, ಕೊಳೆ ಒಳಗೆ ಹೋಗಿರುತ್ತಲ್ಲ. ಇದ್ರಲ್ಲಿ ಇಷ್ಟೂ ಕಪ್ಪಿಲ್ಲ, ನೋಡ್ಕೋ. ಬಾಗಿದೆ ಕೂಡ. ಗಟ್ಟಿಮುಟ್ಟಾದ ರಾಡು, ಒಂದೇ ಏಟಿಗೆ ಮುರಿದಿದೆ. ಗೋಡೆ ಏಟಿಗೆ."

ಲೈಲ್ ಬೆರಳು ತಾಗಿಸಿದ. ಒರಟಾಗಿ, ತಣ್ಣಗಿತ್ತು. ಹದಿನಾಲ್ಕು ತಿಂಗಳು ರಾತ್ರಿಯೆಲ್ಲ ಆ ತಿರುವಿನಲ್ಲಿ ಹುಡುಕಿದ್ದು ಎಣ್ಣೆಬಟ್ಟೆಯೊಳಗೆ, ಈ ಖಾನೆಯಲ್ಲಿ, ತನ್ನ ಮನೆಯಿಂದ ಮೂರು ಮೈಲಿ ದೂರದಲ್ಲಿತ್ತು. ಎದೆಯಲ್ಲಿ ಏನೋ ಸಡಿಲವಾಯಿತು. ಅದು ನೆಮ್ಮದಿ ಎಂದು ಗೊತ್ತಾಗಿ ಅವನು ಹೆದರಿದ. ಒಬ್ಬನ ಸಾವು ಪೂರ್ತಿ ತನ್ನದೇ ಎಂದು ತಿಳಿದಾಗ ಯಾರಿಗಾದರೂ ಹೀಗಾಗುತ್ತದೆಯೇ.

"ಯಾವಾಗ ಗೊತ್ತಾಯ್ತು ನಿಂಗೆ?"

"ಅಲ್ಲೇ. ಕೆಳಗೆ ಮಲಗಿದ್ನಲ್ಲ, ಆವಾಗ್ಲೇ."

"ಮತ್ಯಾಕೆ ನೀನು..."

"ನಾನು ಸುಳ್ಳು ಹೇಳ್ಲಿಲ್ಲ," ಎಂದ ಓಡೆಲ್. ಮೊದಲ ಸಲ ದನಿ ಗಡುಸಾಯಿತು. "ರಾಡು ಮುರಿದಿದೆ ಅಂದೆ. ಮುರಿದಿತ್ತು. ನಾನು ಹಾಕಿದ್ದು ಅಂದೆ. ನಾನೇ ಹಾಕಿದ್ದು. ನೀನು ನಡುಗ್ತಿದ್ದೆ ಕಣೋ, ಹಲ್ಲು ಕಟಕಟ ಅಂತಿತ್ತು. ಇವತ್ತು ಬೇಡ, ನಾಳೆ ಬಂದು ತಾನೇ ಹೇಳ್ತಾನೆ ಅನ್ಕೊಂಡೆ. ನಾಳೆ ಬರ್ಲಿಲ್ಲ. ಹೂಳೋ ದಿನ ಹೇಳ್ತಾನೆ ಅನ್ಕೊಂಡೆ. ರಸ್ತೇಲಿ ನಿಂತಿದ್ದೆ ನೋಡು, ಅದಕ್ಕೇ ನಿಂತಿದ್ದು." ಅವನು ತುಂಡುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ. "ಆಮೇಲೆ ನಾನು ಬಾಯಿಬಿಟ್ರೆ ಯಾರು ನಂಬ್ತಾರೆ? ತಪ್ಪು ಮಾಡಿದ ಮುದುಕ ಡ್ರೈವರ್ ಮೇಲೆ ಹಾಕ್ತಿದಾನೆ ಅಂತಾರೆ. ಸುಮ್ನಾದೆ. ನಾನೇನು ದೇವ್ರಲ್ಲಪ್ಪ. ದಿನಾ ಬೆಳಿಗ್ಗೆ ನಿನ್ನ ಹೆಸರು ಹಿಡಿದು ಬೈದು ಈ ಬಾಗ್ಲು ತೆಗೀತೀನಿ."

ಲೈಲ್ ತುಂಡುಗಳಿಗಾಗಿ ಕೈ ಚಾಚಿದ. ಓಡೆಲ್ ಕೊಡಲಿಲ್ಲ.

"ಇದು ಇಲ್ಲೇ ಇರುತ್ತೆ. ಹೇಳೋಕೆ ಬಾಯಿ ಸಾಕು."

ನಡೀನ್ ಟೀಗ್ ಮುಂಬಾಗಿಲ ಜಗುಲಿಯಲ್ಲಿ, ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು, ಡಬಲ್ ಬೀನ್ಸ್ ಸುಲಿಯುತ್ತಿದ್ದಳು. ಅವನನ್ನು ಕಂಡು ಅವಳ ಮುಖ ಅರಳಿತು. ಆ ಅರಳುವಿಕೆಯೊಳಗೆ ಹೆಜ್ಜೆಯಿಟ್ಟು ನಡೆದುಹೋಗುವುದು ಎಷ್ಟು ಕಷ್ಟವೆಂದು ಜಗುಲಿಯ ನಾಲ್ಕು ಮೆಟ್ಟಿಲು ಹತ್ತುವಾಗ ಅವನಿಗೆ ತಿಳಿಯಿತು.

"ಕೂತ್ಕೋ ಮಗಾ. ಒಳಗೆ ಐಸ್ ಹಾಕಿದ ಚಹಾ ಇದೆ, ತರ್ತೀನಿ. ಸಹಿ ಆಯ್ತಾ?"

"ಬೇಡ ನಡೀನಮ್ಮ. ಏಳ್ಬೇಡಿ." ಅವನು ಕೂರಲಿಲ್ಲ. "ರಾಡು ಮುರಿದಿದ್ದು ಗೋಡೆಗೆ ಹೊಡೆದ ಮೇಲೆ. ಓಡೆಲ್‌ದು ಏನೂ ತಪ್ಪಿಲ್ಲ. ನಾನು ಕಾಲು ಎತ್ತಲಿಲ್ಲ."

ಸುಲಿದ ಒಂದು ಸಿಪ್ಪೆ ಅವಳ ಬೆರಳಿಗೆ ಅಂಟಿಕೊಂಡಿತ್ತು. ಅವಳು ಅದನ್ನೇ ನೋಡಿದಳು. ದೂರದಲ್ಲಿ ಯಾರೋ ಮೇಲ್ಛಾವಣಿಗೆ ಮೊಳೆ ಹೊಡೆಯುತ್ತಿದ್ದರು. ಹೊಡೆತ ಕಂಡಮೇಲೆ ತಡವಾಗಿ ಸದ್ದು ಬರುತ್ತಿತ್ತು.

"ಎತ್ತಲಿಲ್ಲ ಅಂದ್ರೆ?"

"ಆ ಜಾಗಕ್ಕೆ ಬಂದಾಗ ವೇಗ ತಗ್ಗಿಸಬೇಕು. ಎಲ್ಲರಿಗೂ ಗೊತ್ತು. ರೆನಿ ಎತ್ತಿದ್ದ. ನಾನು ಎತ್ತಲಿಲ್ಲ."

"ಯಾಕೆ?"

ಇದನ್ನು ಅವನು ತನಗೆ ತಾನೇ ಕೇಳಿಕೊಂಡಿರಲೇ ಇಲ್ಲ. ಎತ್ತಿದೆನೋ ಇಲ್ಲವೋ ಎಂದು ಹದಿನಾಲ್ಕು ತಿಂಗಳು ಹುಡುಕಿದ್ದ. ಯಾಕೆ ಎಂಬುದು ಆ ಹುಡುಕಾಟದ ಹಿಂದೆ ಸುಮ್ಮನೆ ಕೂತಿತ್ತು. ಈಗ ಅದು ತಾನೇ ಎದ್ದು ಬಂತು, ಬಹಳ ಚಿಕ್ಕದಾಗಿ. ಹಿಂದಿನ ಎರಡು ಸುತ್ತುಗಳಲ್ಲಿ ರೆನಿ ಅದೇ ತಿರುವಿನಿಂದ ಅರ್ಧ ಕಾರಿನಷ್ಟು ಮುಂದೆ ಹೋಗಿದ್ದ. ರೇಸಿನ ದಿನ ಬೆಳಿಗ್ಗೆ ಡ್ರೈವರುಗಳೆಲ್ಲ ಸೇರಿದ್ದಾಗ ಲೈಲನನ್ನು ತೋರಿಸಿ, "ತಾತಂಗೆ ಒಂದು ಕುರ್ಚಿ ಕೊಡ್ರಪ್ಪಾ," ಎಂದು ನಕ್ಕಿದ್ದ. ಎಲ್ಲರೂ ನಕ್ಕಿದ್ದರು, ಲೈಲನೂ ನಕ್ಕಿದ್ದ. ಅದನ್ನು ಹೇಳಬಹುದಿತ್ತು. ಹೇಳಿದರೆ ತಪ್ಪಿನ ಒಂದು ಚೂರು ರೆನಿಯ ಮಡಿಲಿಗೂ ಹೋಗುತ್ತದೆ ಎಂದು ಅನ್ನಿಸಿ ನುಂಗಿಕೊಂಡ.

"ಅವನು ಮುಂದೆ ಹೋಗ್ತಿದ್ದ," ಎಂದ.

"ಅಷ್ಟೇನಾ?"

"ಅಷ್ಟೇ."

ನಡೀನ್ ಬೋಗುಣಿಯನ್ನು ನೆಲಕ್ಕಿಟ್ಟಳು. ಅವಳು ಅಳಬಹುದು, ಕೂಗಬಹುದು, ಬೋಗುಣಿಯನ್ನು ಮುಖಕ್ಕೆ ಎಸೆಯಬಹುದು ಎಂದು ಅವನು ಕಾದ. ಯಾವುದಕ್ಕೂ ಮೈ ಒಡ್ಡಿ ನಿಂತಿದ್ದ, ಅದಕ್ಕಾಗಿ ಹಸಿದಿದ್ದ ಎಂದರೂ ಸರಿಯೇ. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು, ಅಂಗಳದ ಮೂಲೆಯನ್ನು ನೋಡಿದಳು. ಅಲ್ಲಿ ಹುಲ್ಲು ಬೆಳೆಯದ ಒಂದು ಚೌಕ ಇತ್ತು. ರೆನಿಯ ಕಾರು ವರ್ಷಗಟ್ಟಲೆ ನಿಂತು ಎಣ್ಣೆ ಸೋರಿದ ಜಾಗ.

"ಒಂದು ವರ್ಷ ಅವನು ಸಾಯ್ಲಿ ಅಂತ ಬೇಡಿಕೊಂಡಿದೀನಿ," ಎಂದಳು. ದನಿ ಮಾಮೂಲಿನಂತೆಯೇ ಇತ್ತು. "ಓಡೆಲ್. ಚರ್ಚಲ್ಲಿ ಮೊಣಕಾಲೂರಿ. ನಿನ್ನ ಹೆಸರು ಹೇಳಿ, ಇವನಿಗೆ ಶಾಂತಿ ಕೊಡಪ್ಪಾ ಅಂತ ಬೇಡ್ಕೊಂಡು, ಆಮೇಲೆ ಅವನ ಹೆಸರು ಹೇಳ್ತಿದ್ದೆ." ಅವಳು ಎದ್ದಳು. "ಕರ್ಕೊಂಡು ಹೋಗು."

"ಎಲ್ಲಿಗೆ?"

"ಅವನತ್ರ."

ಅವನು ಪಿಕಪ್ಪಿನ ಮುಂದಿನ ಬಾಗಿಲು ತೆರೆದು ಹಿಡಿದ. ಅವಳು ಅದನ್ನು ದಾಟಿ ಹಿಂದಕ್ಕೆ ಹೋಗಿ, ಹಲಗೆ ಇಳಿಸಿ, ಒಂದು ಕೈಯಿಂದ ಲಂಗ ಹಿಡಿದುಕೊಂಡು, ಸಾಮಾನು ಹಾಕುವ ಜಾಗಕ್ಕೆ ತಾನೇ ಹತ್ತಿದಳು. ಅರವತ್ತು ದಾಟಿದ ಹೆಂಗಸು. ಅವನು ಕೈ ಕೊಡಲು ಹೋಗಿ ನಿಂತ. ಅವಳು ಕ್ಯಾಬಿನ್ನಿಗೆ ಬೆನ್ನು ಕೊಟ್ಟು, ಬಂದ ದಾರಿಯ ಕಡೆ ಮುಖ ಮಾಡಿ ಕೂತಳು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವನಿಗೆ ಅವಳ ತಲೆಯ ಹಿಂಭಾಗ, ಗಾಳಿಗೆ ಬಿಚ್ಚಿಕೊಳ್ಳುತ್ತಿದ್ದ ಬಿಳಿಗೂದಲು ಕಾಣುತ್ತಿತ್ತು. ಗಾರ್ಲಂಡನ ಅಂಗಡಿಯ ಮುಂದೆ ಹೋಗುವಾಗ ಬಾಗಿಲಲ್ಲಿ ನಿಂತಿದ್ದ ಇಬ್ಬರು ಮಾತು ನಿಲ್ಲಿಸಿ ನೋಡಿದರು. ಅವರಲ್ಲಿ ಒಬ್ಬ ಟೋಪಿ ತೆಗೆಯಲು ಕೈಯೆತ್ತಿ, ಯಾರಿಗೆ ತೆಗೆಯಬೇಕೆಂದು ತಿಳಿಯದೆ ಹಾಗೇ ಇಳಿಸಿದ.

ಶೆಡ್ಡಿನ ಮುಂದೆ ಅವಳು ತಾನೇ ಇಳಿದಳು. ಒಳಗೆ ಹೋದಳು. ಓಡೆಲ್ ಸ್ಟೂಲಿನಿಂದ ಎದ್ದದ್ದು ಬಾಗಿಲಿನಿಂದ ಕಂಡಿತು. ಆಮೇಲೆ ಅವಳು ತಿರುಗಿ ಬಾಗಿಲು ಮುಚ್ಚಿದಳು. ಲೈಲ್ ಪಿಕಪ್ಪಿನಲ್ಲಿ ಕೂತು ಕಾದ. ಯಾವ ದನಿಯೂ ಕೇಳಲಿಲ್ಲ. ತಗಡಿನ ಮಾಡು ಬಿಸಿಲಿಗೆ ಟಕ್ ಟಕ್ ಎನ್ನುತ್ತಿತ್ತು. ಒಳಗೆ ಏನು ನಡೆಯುತ್ತಿರಬಹುದೆಂದು ಊಹಿಸಲು ನೋಡಿದ. ಎಣ್ಣೆಬಟ್ಟೆ ಬಿಚ್ಚಿಟ್ಟಿರಬಹುದು, ಅವಳು ಬೆರಳು ತಾಗಿಸಿರಬಹುದು. ಅಷ್ಟರಾಚೆಗೆ ಊಹೆ ಹೋಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಶೆಡ್ಡಿನೊಳಗೆ ತಾನಿಲ್ಲದೆ ಏನಾದರೂ ಮುಖ್ಯವಾದದ್ದು ನಡೆಯಬಹುದೆಂದು ಅವನು ಎಣಿಸಿಯೇ ಇರಲಿಲ್ಲ. ಹೋಯ್ಟನಿಗೆ ಹೇಳಬೇಕು, ವರ್ನಾಗೆ ಹೇಳಬೇಕು, ಪುಸ್ತಕದಲ್ಲಿ ಬರೆದುಕೊಂಡ ಆ ಅಧಿಕಾರಿಯ ಮನೆಗೆ ಹೋಗಿ ಹೇಳಬೇಕು. ಒಬ್ಬೊಬ್ಬರ ಮುಖದಲ್ಲೂ ಮರುಕ ಆರುವುದನ್ನು ನಿಂತು ನೋಡಬೇಕು. ಅದನ್ನೆಲ್ಲ ಮಾಡಬಲ್ಲೆ ಎನ್ನಿಸಿತು. ಕೆಳಗಿಳಿದು ಆ ಬಾಗಿಲು ತಟ್ಟುವುದು ಮಾತ್ರ ಆಗಲಿಲ್ಲ.

ಬಾಗಿಲು ತೆರೆದಾಗ ನೆರಳು ಯಂತ್ರಗಳ ಸಾಲನ್ನು ಪೂರ್ತಿ ದಾಟಿತ್ತು. ಇಬ್ಬರೂ ಒಟ್ಟಿಗೆ ಹೊರಬಂದರು. ಲೈಲ್ ಎಂಜಿನ್ ಚಾಲೂ ಮಾಡಿದ. ನಡೀನ್ ಅವನ ಕಡೆ ಬರಲಿಲ್ಲ. ಶೆಡ್ಡಿನ ಪಕ್ಕ ನಿಂತಿದ್ದ ಓಡೆಲನ ಹಳೆಯ ಟ್ರಕ್ಕಿನ ಕಡೆ ನಡೆದಳು. ಓಡೆಲ್ ಹತ್ತಿ, ಒಳಗಿನಿಂದ ವಾಲಿ ಅವಳಿಗೆ ಬಾಗಿಲು ತೆರೆದ. ಅವಳು ಮುಂದೆ, ಅವನ ಪಕ್ಕ ಕೂತಳು. ಟ್ರಕ್ಕು ಹಿಂದಕ್ಕೆ ಸರಿದು, ತಿರುಗಿ, ಲೈಲನ ಪಿಕಪ್ಪಿನ ಪಕ್ಕದಲ್ಲೇ, ಕಿಟಕಿಗೆ ಕಿಟಕಿ ಎದುರಾಗುವಂತೆ, ನಿಧಾನವಾಗಿ ಹಾದುಹೋಯಿತು. ನಡೀನ್ ನೇರ ಮುಂದೆ ನೋಡುತ್ತಿದ್ದಳು. ಓಡೆಲ್ ಸ್ಟೀರಿಂಗಿನ ಮೇಲಿಟ್ಟ ಕೈಯಿಂದ ಒಂದು ಬೆರಳನ್ನು ತುಸುವೇ ಎತ್ತಿದ, ಆ ಕಡೆಯ ರಸ್ತೆಗಳಲ್ಲಿ ಎದುರಿಗೆ ಬಂದ ಯಾವ ಅಪರಿಚಿತನಿಗಾದರೂ ಎತ್ತುವ ಹಾಗೆ.